ಸಾಕು ಇಲಿಯನ್ನು ದೊಡ್ಡ ಗಾತ್ರಕ್ಕೆ ತಳಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲಿ ಸಾಕಿದ್ದೇನೆ ಎಂದರೆ ಮೂಗು ಮುರಿಯುವವರೇ ಹೆಚ್ಚು. ಇನ್ನೂ ದೊಡ್ಡ ಇಲಿ ಬೇಕು ಎಂದರೆ ಎದ್ದೇ ಹೋಗುತ್ತಾರೆ. ಆದರೂ ನಾಲ್ಕು ಇಲಿ ಸಾಕಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ದೊಡ್ಡದಕ್ಕೆ ದೊಡ್ಡದನ್ನು ಜೋಡಿ ಹಾಕುತ್ತ ಹೋದರೆ ಎಲ್ಲಿಯವರೆಗೆ ಹೋಗಬಹುದು? ಇದಕ್ಕೆ ಅರ್ಧ ಉತ್ತರ ಪ್ರಯೋಗಾಲಯಗಳಲ್ಲಿ ನೂರು ವರ್ಷದಿಂದ ಬಿದ್ದಿದೆ. ಉಳಿದರ್ಧ ಅಡುಗೆಮನೆಯ ತಕ್ಕಡಿಯಲ್ಲಿದೆ.

ಸಾಕು ಇಲಿ ಎಂದರೆ ನಮ್ಮ ಅಟ್ಟದ ಇಲಿಯೇ?

ಅಲ್ಲ. ಸಾಕು ಇಲಿ, ಪ್ರಯೋಗಾಲಯದ ಬಿಳಿ ಇಲಿ, ಊರ ಚರಂಡಿಯ ಕಂದು ಇಲಿ ಮೂರೂ ಒಂದೇ ಜಾತಿ, ರ‍್ಯಾಟಸ್ ನಾರ್ವೆಜಿಕಸ್. ಹೆಸರಿನಲ್ಲಿ ನಾರ್ವೆ ಇದ್ದರೂ ಮೂಲ ಉತ್ತರ ಚೀನಾ, ಮಂಗೋಲಿಯಾ ಕಡೆಯದು. ನಮ್ಮ ಹೆಂಚಿನ ಮನೆಗಳ ಜಂತಿಯ ಮೇಲೆ ಓಡಾಡುವ ಉದ್ದ ಬಾಲದ್ದು ಇದರ ದಾಯಾದಿ, ರ‍್ಯಾಟಸ್ ರ‍್ಯಾಟಸ್. ಅದು ಹಗುರ, ಹತ್ತುವುದರಲ್ಲಿ ಗಟ್ಟಿಗ.

ಕಂದು ಇಲಿ ಸಾಕುಪ್ರಾಣಿಯಾದ ಕತೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನದು. ನಾಯಿಗಳ ಮುಂದೆ ಇಲಿ ಬಿಟ್ಟು ಬಾಜಿ ಕಟ್ಟುವ ಆಟ ಅಲ್ಲಿ ಜೋರಾಗಿತ್ತು. ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನು ಬಲೆಗೆ ಬಿದ್ದ ವಿಚಿತ್ರ ಬಣ್ಣದ ಇಲಿಗಳನ್ನು ಕೊಲ್ಲದೆ ಉಳಿಸಿ, ಮರಿ ಮಾಡಿಸಿ ಮಾರುತ್ತಿದ್ದ. 1901ರಲ್ಲಿ ಇಂಗ್ಲೆಂಡಿನ ಏಲ್ಸ್‌ಬರಿಯಲ್ಲಿ ಮೇರಿ ಡಗ್ಲಸ್ ಎಂಬಾಕೆಯ ಇಲಿ ಪ್ರದರ್ಶನಕ್ಕೆ ಬಂದಿತು. ಅಲ್ಲಿಂದ ಈ ಹವ್ಯಾಸಕ್ಕೊಂದು ಮರ್ಯಾದೆ.

ಹೆಗ್ಗಣದ ಜೊತೆ ಕೂಡಿಸಿದರೆ ಒಂದೇ ಏಟಿಗೆ ದೊಡ್ಡದಾಗುವುದಿಲ್ಲವೇ?

ಆಗುವುದಿಲ್ಲ. ಹೆಗ್ಗಣದ್ದು ಬ್ಯಾಂಡಿಕೋಟ ಎಂಬ ಬೇರೆಯೇ ಕುಲ. ಈ ಎರಡಕ್ಕೂ ಮರಿ ಹುಟ್ಟುವುದಿಲ್ಲ. (ಆ ಹೆಸರು ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿ ಇಲಿ, ಇಂಗ್ಲಿಷರ ಬಾಯಿಗೆ ಸಿಕ್ಕಿ ಆದದ್ದು.) ಒಂದೇ ಗೂಡಿಗೆ ಬಿಟ್ಟರೆ ಕಚ್ಚಾಟವಷ್ಟೇ ಸಿಗುತ್ತದೆ. ಮೋರಿಯಿಂದ ಹಿಡಿದು ತಂದದ್ದರ ಮೂತ್ರದಲ್ಲಿ ಇಲಿಜ್ವರದ ರೋಗಾಣು ಇರಬಹುದು ಎಂಬುದು ಮಲೆನಾಡು, ಕರಾವಳಿಯವರಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ.

ಕಾಂಬೋಡಿಯಾದಲ್ಲಿ ನೆಲಬಾಂಬು ಮೂಸಿ ಹುಡುಕಿ 2020ರಲ್ಲಿ ಚಿನ್ನದ ಪದಕ ಪಡೆದ ಮಗಾವಾ ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅದನ್ನು ತೋರಿಸಿ ‘ಇಷ್ಟು ದೊಡ್ಡದು ಮಾಡಿ’ ಎನ್ನುವವರಿದ್ದಾರೆ. ಅದು ಆಫ್ರಿಕಾದ ಚೀಲಗೆನ್ನೆಯ ಇಲಿ. ಅದರ ಕುಟುಂಬವೇ ಬೇರೆ.

ಮಾಮೂಲಿ ಗಾತ್ರ ಎಷ್ಟು?

ಬೆಳೆದ ಗಂಡು ಸುಮಾರು 450ರಿಂದ 650 ಗ್ರಾಂ, ಹೆಣ್ಣು 250ರಿಂದ 400. ಹುಟ್ಟಿದಾಗ ಐದಾರು ಗ್ರಾಂ. ಗಂಡು ಹೆಣ್ಣಿನ ನಡುವೆ ಇಷ್ಟು ಅಂತರ ಇರುವುದರಿಂದ ಎರಡರ ತೂಕವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಸರಾಸರಿ ತೆಗೆಯಬೇಡಿ.

ಆಯ್ಕೆಯಿಂದ ನಿಜವಾಗಿ ಗಾತ್ರ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಸಂಶಯವೇ ಬೇಡ. ಇಲಿಗಿಂತ ಚಿಟ್ಟಿಲಿಯಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. 1930ರ ದಶಕದಲ್ಲಿ ಅಮೆರಿಕದ ಗುಡೇಲ್, 1940ರ ದಶಕದಲ್ಲಿ ಟೊರಾಂಟೊದ ಮ್ಯಾಕ್‌ಆರ್ಥರ್, ಇಬ್ಬರೂ 60 ದಿನದ ತೂಕ ನೋಡಿ ಆರಿಸುತ್ತ ಹೋದರು. ಮ್ಯಾಕ್‌ಆರ್ಥರ್ ಒಂದೇ ಮೂಲದಿಂದ ದೊಡ್ಡದರ ಸಾಲು, ಚಿಕ್ಕದರ ಸಾಲು ಎರಡನ್ನೂ ಬೆಳೆಸಿದ. ಕೊನೆಗೆ ಅವು ಅಣ್ಣತಮ್ಮಂದಿರ ವಂಶ ಎಂದರೆ ಯಾರೂ ನಂಬದಷ್ಟು ಬೇರೆಯಾದವು. ಜರ್ಮನಿಯ ಡುಮ್ಮರ್‌ಸ್ಟಾರ್ಫ್‌ನಲ್ಲಿ 42ನೆಯ ದಿನದ ತೂಕಕ್ಕೆ ನೂರಕ್ಕೂ ಹೆಚ್ಚು ತಲೆಮಾರು ಆರಿಸಿದ ಚಿಟ್ಟಿಲಿಗಳು ಮಾಮೂಲಿಯ ಎರಡು ಪಟ್ಟು ದಾಟಿವೆ.

ಎಡಿನ್‌ಬರೋದ ವಿಜ್ಞಾನಿ ಫಾಲ್ಕನರ್ 1950ರ ದಶಕದಲ್ಲಿ ಕಂಡದ್ದು ನಮಗೆ ಇನ್ನೂ ಹತ್ತಿರದ್ದು. ಒಂದೇ ಮೂಲದ ಚಿಟ್ಟಿಲಿಗಳು ಕೆಳಗಿಳಿದಷ್ಟು ಸಲೀಸಾಗಿ ಮೇಲೇರಲಿಲ್ಲ. ಸಣ್ಣದು ಮಾಡುವುದು ಇಳಿಜಾರು, ದೊಡ್ಡದು ಮಾಡುವುದು ಏರು.

ಇಲಿಯಲ್ಲಿಯೂ ಉದಾಹರಣೆ ಇದೆ. 1925ರಲ್ಲಿ ಅಮೆರಿಕದ ಮ್ಯಾಡಿಸನ್ ಊರಿನ ರಾಬರ್ಟ್ ಡಾಲಿ ತುಂಬ ದೊಡ್ಡ, ಚುರುಕಾದ ಒಂದು ಗಂಡಿಲಿಯನ್ನು ಬಿಳಿ ಹೆಣ್ಣಿಗೆ ಜೋಡಿ ಹಾಕಿ ಒಂದು ತಳಿ ಆರಂಭಿಸಿದ. ಹೆಂಡತಿಯ ತವರಿನ ಹೆಸರು ಮುಂದೆ ಸೇರಿಸಿ ಸ್ಪ್ರೇಗ್ ಡಾಲಿ ಎಂದು ಕರೆದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಎಲ್ಲೆಲ್ಲೂ ಇರುವುದು ಅದೇ. ಅದರ ಗತಿ ಮುಂದೇನಾಯಿತು ಎಂಬುದನ್ನು ಆಯಸ್ಸಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಒಂದು ತಲೆಮಾರಿಗೆ ಎಷ್ಟು ಗ್ರಾಂ ಸಿಗುತ್ತದೆ?

ಲೆಕ್ಕ ಸರಳ. ಆರಿಸಿದ ತಂದೆತಾಯಿ ಗುಂಪಿನ ಸರಾಸರಿಗಿಂತ ಎಷ್ಟು ಮೇಲಿದ್ದಾರೋ, ಅದರಲ್ಲಿ ಅನುವಂಶೀಯವಾದ ಪಾಲು ಮಾತ್ರ ಮರಿಗಳಿಗೆ ದಾಟುತ್ತದೆ. ಉಳಿದದ್ದು ಅವು ತಿಂದ ಊಟ, ಕುಡಿದ ಹಾಲು, ಅದೃಷ್ಟ.

ನಿಮ್ಮ ಗಂಡುಗಳ ಸರಾಸರಿ 500, ಆರಿಸಿದವು 580. ಹೆಣ್ಣುಗಳ ಸರಾಸರಿ 300, ಆರಿಸಿದವು 340 ಎಂದಿಟ್ಟುಕೊಳ್ಳಿ. ಮೇಲಿರುವುದು 80 ಮತ್ತು 40, ಎರಡರ ನಡುವೆ 60. ಅನುವಂಶೀಯ ಪಾಲು ಮೂರನೆಯ ಒಂದು ಎಂದು ಹಿಡಿದರೆ ಮರಿಗಳ ಸರಾಸರಿ 20 ಗ್ರಾಂ ಏರೀತು. ಎಲ್ಲವೂ ಸರಿಹೋದರೆ ಐದು ತಲೆಮಾರಿಗೆ 100 ಗ್ರಾಂ. ಎರಡು ಕೋಳಿಮೊಟ್ಟೆಯ ತೂಕ. ಅಷ್ಟರಲ್ಲಿ ಐದಾರು ವರ್ಷ ಕಳೆದಿರುತ್ತದೆ. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ನನ್ನ ಗಂಡಿಲಿ 750 ಗ್ರಾಂ ಇದೆ. ಬೀಜಕ್ಕೆ ಇಟ್ಟುಕೊಳ್ಳಲೇ?

ಮೊದಲು ಅದನ್ನು ಅಂಗೈಯಲ್ಲಿ ಕೂರಿಸಿ ಬೆನ್ನ ಮೇಲೆ ಬೆರಳು ಆಡಿಸಿ. ಬೆನ್ನುಮೂಳೆ, ಸೊಂಟದ ಮೂಳೆ ತೆಳು ಹೊದಿಕೆಯ ಕೆಳಗೆ ಬೆರಳಿಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ, ಕುಳಿತಾಗ ಹೊಟ್ಟೆ ಸೆರಗಿನಂತೆ ಹರಡಿಕೊಂಡರೆ, ನಿಮ್ಮಲ್ಲಿರುವುದು ದೊಡ್ಡ ಇಲಿಯಲ್ಲ, ದಪ್ಪ ಇಲಿ.

ಈ ಹವ್ಯಾಸದಲ್ಲಿ ಎಡವುವವರೆಲ್ಲ ಎಡವುವುದು ಇಲ್ಲೇ. ತಕ್ಕಡಿಗೆ ಮೂಳೆಯೂ ಒಂದೇ, ಕೊಬ್ಬೂ ಒಂದೇ. ಬರೀ ತೂಕ ನೋಡಿ ಆರಿಸುತ್ತ ಹೋದರೆ ಹೆಚ್ಚು ತಿನ್ನುವ, ಕಡಿಮೆ ಓಡಾಡುವ, ಬೇಗ ಕೊಬ್ಬು ಕಟ್ಟುವ ಗುಣಗಳೇ ಗುಟ್ಟಾಗಿ ಆಯ್ಕೆಯಾಗುತ್ತವೆ. ಚಿಟ್ಟಿಲಿಯ ಪ್ರಯೋಗಗಳಲ್ಲೂ ತೂಕ ಏರಿದಂತೆ ಕೊಬ್ಬಿನ ಪಾಲು ಏರಿತು. ಹಳ್ಳಿಕಾರ್ ಹೋರಿ ಕೊಳ್ಳಲು ಜಾತ್ರೆಗೆ ಹೋದ ರೈತ ತೂಕ ಕೇಳುವುದಿಲ್ಲ. ಕಾಲು, ಗೊರಸು, ಬೆನ್ನು, ನಡಿಗೆ ನೋಡುತ್ತಾನೆ. ಇಲಿಗೂ ಅದೇ ಕಣ್ಣು ಬೇಕು. ಬ್ರಿಟನ್ನಿನ ಪ್ರದರ್ಶನಗಳ ಮಾನದಂಡವೂ ಒಳ್ಳೆಯ ಗಾತ್ರ ಇರಲಿ ಎನ್ನುವ ಉಸಿರಿನಲ್ಲೇ ಮೈ ಗಟ್ಟಿಯಾಗಿರಲಿ, ಹೆಣ್ಣು ಉದ್ದವಾಗಿ ಚುರುಕಾಗಿರಲಿ ಎನ್ನುತ್ತದೆ.

ಹಾಗಾದರೆ ಏನನ್ನು ಅಳೆಯಬೇಕು?

ಉದ್ದ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ. ಇಲಿ ನೆಟ್ಟಗೆ ನಿಲ್ಲುವುದಿಲ್ಲ, ಗೊತ್ತಿದ್ದದ್ದೇ. ಗೋಡೆಗೆ ಒತ್ತಿದ ಕಿರಿದಾದ ಓಣಿಯಂಥ ಡಬ್ಬಿಯ ತಳಕ್ಕೆ ಅಳತೆಪಟ್ಟಿ ಅಂಟಿಸಿ, ಆಚೆ ತುದಿಯಲ್ಲಿ ಒಂದು ಕಡಲೆಬೀಜ ಇಟ್ಟು, ಅದು ಚಾಚಿದಾಗ ಮೇಲಿನಿಂದ ಫೋಟೊ ತೆಗೆಯಿರಿ. ಮೂರು ಸಲ ತೆಗೆದು ನಡುವಿನದನ್ನು ಬರೆದುಕೊಳ್ಳಿ. ಬಾಲದ ಉದ್ದವನ್ನು ಇದಕ್ಕೆ ಸೇರಿಸಬೇಡಿ. ಬಾಲವು ಇಲಿಗೆ ಮೈಶಾಖ ಹೊರಹಾಕುವ ಕೊಳವೆ. ಬೆಚ್ಚಗಿನ ಜಾಗದಲ್ಲಿ ಬೆಳೆದ ಮರಿಗೆ ಬಾಲ ಉದ್ದವಾಗುತ್ತದೆ, ಆ ಹೆಚ್ಚಳದಲ್ಲಿ ವಂಶದ ಪಾತ್ರವಿಲ್ಲ.

ತೂಕವೂ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಡಬ್ಬಿ ಇಟ್ಟು ಸೊನ್ನೆ ಮಾಡಿ ಇಲಿ ಬಿಡಿ. ರಾತ್ರಿ ಹೊಟ್ಟೆತುಂಬ ತಿಂದ ಇಲಿಗೂ ಸಂಜೆ ಎದ್ದ ಇಲಿಗೂ ವ್ಯತ್ಯಾಸ ಬರುವುದರಿಂದ ಸಮಯ ಒಂದೇ ಇರಲಿ. ಹನ್ನೆರಡು ವಾರದವರೆಗೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಇಲಿಯ ಮೂಳೆಯ ಬೆಳವಣಿಗೆಯ ತುದಿಗಳು ನಮ್ಮವುಗಳಂತೆ ಬೇಗ ಮುಚ್ಚಿಕೊಳ್ಳುವುದಿಲ್ಲ, ಗಂಡಂತೂ ವರ್ಷದ ಹತ್ತಿರದವರೆಗೂ ಮೈ ತುಂಬುತ್ತಲೇ ಇರುತ್ತದೆ. ಎರಡು ತಿಂಗಳಿಗೆ ‘ಇದೇ ದೊಡ್ಡದು’ ಎಂದು ತೀರ್ಮಾನಿಸಿದರೆ ನೀವು ಆರಿಸಿದ್ದು ಬೇಗ ಬೆಳೆಯುವುದನ್ನು. ಫಾರಂ ಕೋಳಿಯನ್ನು ಹಾಗೇ ಮಾಡಿದ್ದು.

ದೊಡ್ಡ ಸೂಲಿನ ಮರಿಗಳು ಚಿಕ್ಕದಾಗಿರುತ್ತವೆ. ಹೋಲಿಸುವುದು ಹೇಗೆ?

ಒಡಹುಟ್ಟಿದವುಗಳ ನಡುವೆಯೇ ಹೋಲಿಸಿ. ತಾಯಿಗೆ ಇರುವುದು ಹನ್ನೆರಡು ಮೊಲೆ. ಆರು ಮರಿಯ ಸೂಲಿನಲ್ಲಿ ಪ್ರತಿಯೊಂದಕ್ಕೂ ಹಾಲು ತುಂಬಿ ಹರಿಯುತ್ತದೆ. ಹದಿನಾಲ್ಕು ಮರಿಯಲ್ಲಿ ಜಗಳ. ಆರರ ಸೂಲಿನ ದುರ್ಬಲ ಮರಿಯೂ ಹದಿನಾಲ್ಕರ ಸೂಲಿನ ಬಲಶಾಲಿಗಿಂತ ಭಾರ ಇರಬಹುದು, ವಂಶದಲ್ಲಿ ಏನೂ ವಿಶೇಷ ಇಲ್ಲದೆ. ಒಂದೊಂದು ಸೂಲಿನಿಂದ ಅದರದೇ ಅತ್ಯುತ್ತಮವನ್ನು ಇಟ್ಟುಕೊಂಡರೆ ಈ ಮೋಸ ತಪ್ಪುತ್ತದೆ. ಎಲ್ಲ ಕುಟುಂಬಗಳ ರಕ್ತವೂ ಉಳಿಯುತ್ತದೆ.

ಹೆಚ್ಚು ತಿನ್ನಿಸಿದರೆ ಹೆಚ್ಚು ಬೆಳೆಯುವುದಿಲ್ಲವೇ?

ಒಂದು ಮಟ್ಟದವರೆಗೆ. ಬಸುರಿಗೆ, ಹಾಲೂಡಿಸುವ ತಾಯಿಗೆ, ಮೊದಲ ಮೂರು ತಿಂಗಳ ಮರಿಗೆ ಪ್ರೋಟೀನು ಕಡಿಮೆಯಾದರೆ ವಂಶದಲ್ಲಿ ಇರುವ ಗಾತ್ರವೂ ಹೊರಬರುವುದಿಲ್ಲ. ಆ ದಿನಗಳಲ್ಲಿ ಶೇ. 18ರಿಂದ 20ರಷ್ಟು ಪ್ರೋಟೀನು ಇರುವ ಆಹಾರ ಬೇಕು. ಇಲಿಗೆಂದೇ ಮಾಡಿದ ಗುಳಿಗೆ ಸಿಗದ ಊರಿನಲ್ಲಿ ಬೇಯಿಸಿದ ಮೊಟ್ಟೆ, ಬೇಯಿಸಿದ ಸೋಯಾ, ರಾಗಿ, ಗೋಧಿ, ಸೊಪ್ಪು ಇವುಗಳಿಂದ ಸಂಭಾಳಿಸಬಹುದು. ದೊಡ್ಡದಾದ ಮೇಲೆ ಪ್ರೋಟೀನನ್ನು ಶೇ. 14ರ ಸುಮಾರಿಗೆ ಇಳಿಸಿ. ಸದಾ ತುಂಬಿದ ಬಟ್ಟಲು, ಬಿಸ್ಕತ್ತು, ಬೋಂಡದ ತುಣುಕು ಎಲ್ಲ ಹೋಗುವುದು ಹೊಟ್ಟೆಯ ಸುತ್ತಕ್ಕೆ.

ನಿಮ್ಮ ಲೆಕ್ಕ ಕೆಡಬಾರದೆಂದರೆ ಎಲ್ಲ ತಲೆಮಾರಿಗೂ ಒಂದೇ ಊಟ ಇರಲಿ. ಮೂರನೆಯ ತಲೆಮಾರಿನಲ್ಲಿ ಒಳ್ಳೆಯ ಆಹಾರಕ್ಕೆ ಬದಲಾಯಿಸಿ ‘ನನ್ನ ತಳಿ 40 ಗ್ರಾಂ ಏರಿತು’ ಎನ್ನುವವರು ತಮ್ಮನ್ನು ತಾವೇ ಮರುಳು ಮಾಡಿಕೊಳ್ಳುತ್ತಾರೆ.

ಹಾರ್ಮೋನು ಚುಚ್ಚಿದರೆ?

ಬೇಡ. ಚುಚ್ಚಿದ್ದು ಮರಿಗೆ ದಾಟುವುದಿಲ್ಲ. 1982ರಲ್ಲಿ ವಿಜ್ಞಾನಿಗಳಾದ ಪಾಲ್ಮಿಟರ್, ಬ್ರಿನ್‌ಸ್ಟರ್ ಮತ್ತಿತರರು ಇಲಿಯ ಬೆಳವಣಿಗೆ ಹಾರ್ಮೋನಿನ ಜೀನನ್ನೇ ಚಿಟ್ಟಿಲಿಯ ಭ್ರೂಣಕ್ಕೆ ಸೇರಿಸಿ ದೈತ್ಯ ಚಿಟ್ಟಿಲಿ ಮಾಡಿದ್ದು ಸುದ್ದಿಯಾಗಿತ್ತು. ಅದು ಪ್ರಯೋಗಾಲಯದ ಕೆಲಸ, ಬಾಲ್ಕನಿಯದಲ್ಲ.

ಯಾವ ವಯಸ್ಸಿಗೆ ಜೋಡಿ ಹಾಕಬೇಕು?

ಐದು ವಾರಕ್ಕೇ ಮರಿಗಳು ಮರಿ ಹಾಕಲು ತಯಾರಾಗಬಲ್ಲವು. ಅದಕ್ಕೇ ಆ ವೇಳೆಗೆ ಗಂಡು, ಹೆಣ್ಣು ಬೇರೆ ಮಾಡಲೇಬೇಕು. ಹೆಣ್ಣಿಗೆ ಮೊದಲ ಸೂಲು ಐದಾರು ತಿಂಗಳಿಗೆ ಇರಲಿ; ಅದು ಬೆದೆಗೆ ಬರುವುದು ನಾಲ್ಕೈದು ದಿನಕ್ಕೊಮ್ಮೆ, ಬಸಿರು 21ರಿಂದ 23 ದಿನ. ಈದ ದಿನವೇ ಮತ್ತೆ ಬೆದೆಗೆ ಬರುವುದರಿಂದ ಗಂಡನ್ನು ಮೊದಲೇ ಬೇರೆ ಗೂಡಿಗೆ ಹಾಕಿ. ಮರೆತರೆ ಹಾಲೂಡಿಸುತ್ತಲೇ ಮತ್ತೆ ಬಸಿರು.

ಗಂಡಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ವರ್ಷ ದಾಟುವವರೆಗೆ ಕಾಯಿರಿ, ಒಂದೂವರೆಯಾದರೆ ಇನ್ನೂ ಒಳ್ಳೆಯದು. ಆ ವಯಸ್ಸಿನಲ್ಲೂ ಉಸಿರು ಸ್ವಚ್ಛವಾಗಿದ್ದು, ಹಿಂಗಾಲು ಎಳೆಯದೆ, ಸರಳು ಹತ್ತಿ ಇಳಿಯುವ 600 ಗ್ರಾಂನ ಗಂಡು ಆರು ತಿಂಗಳ 700ರ ಗಂಡಿಗಿಂತ ಎಷ್ಟೋ ಪಾಲು ಬೆಲೆಯುಳ್ಳದ್ದು. ಪ್ರಯೋಗಾಲಯದವರಿಗೆ ಹತ್ತು ವಾರಕ್ಕೆ ತಲೆಮಾರು ಮುಗಿಸುವ ಅವಸರ ಇತ್ತು; ನಿಮಗೆ ಏನು ಅವಸರ?

ಅಣ್ಣ ತಂಗಿಯನ್ನು ಕೂಡಿಸಿದರೆ ಗುಣ ಬೇಗ ಗಟ್ಟಿಯಾಗುತ್ತದೆ ಎನ್ನುತ್ತಾರಲ್ಲ?

ಗಟ್ಟಿಯಾಗುತ್ತದೆ, ಕೆಟ್ಟ ಗುಣವೂ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹೆಲೆನ್ ಡೀನ್ ಕಿಂಗ್ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಒಡಹುಟ್ಟಿದವನ್ನೇ ಕೂಡಿಸಿಯೂ ಗಟ್ಟಿಮುಟ್ಟಾದ ಇಲಿಗಳನ್ನು ಉಳಿಸಿಕೊಂಡಿದ್ದಳು ಎಂಬುದನ್ನು ಇದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಆಕೆಯ ಬಳಿ ನೂರಾರು ಮರಿಗಳಿದ್ದವು, ಬಲವಾದವನ್ನಷ್ಟೇ ಮುಂದಕ್ಕೆ ಇಟ್ಟುಕೊಳ್ಳುತ್ತಿದ್ದಳು. ನಾಲ್ಕು ಗೂಡಿನವರಿಗೆ ಆ ಐಷಾರಾಮ ಇಲ್ಲ. ಸಣ್ಣ ಸೂಲು, ಕುಗ್ಗಿದ ಮರಿ ಕಾಣಿಸತೊಡಗಿದರೆ ಗಾತ್ರಕ್ಕಾಗಿ ಹೊರಟವರಿಗೆ ಗಾತ್ರವೇ ಕೈಕೊಡುತ್ತದೆ. ಎರಡು ಮೂರು ತಲೆಮಾರಿಗೊಮ್ಮೆ ಹೊರಗಿನ ರಕ್ತ ತನ್ನಿ.

ಗಾತ್ರದ ಜೊತೆ ಸ್ವಭಾವವನ್ನೂ ನೋಡಬೇಕೇ?

ಗಾತ್ರಕ್ಕಿಂತ ಮೊದಲು ಅದನ್ನೇ ನೋಡಬೇಕು. ಸ್ವಭಾವವೂ ವಂಶದಲ್ಲಿ ಇಳಿಯುತ್ತದೆ. ನೋವೊಸಿಬಿರ್ಸ್ಕ್‌ನಲ್ಲಿ ಬೆಲ್ಯಾಯೆವ್ ಎಂಬ ರಷ್ಯದ ವಿಜ್ಞಾನಿ 1972ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಕಾಡು ಕಂದು ಇಲಿಗಳಿಂದ ಎರಡು ಸಾಲು ಹೊರಟವು: ಒಂದು ಕೈಮೇಲೆ ಮಲಗುವಂಥದ್ದು, ಇನ್ನೊಂದು ಗೂಡಿಗೆ ಕೈ ತಂದರೆ ಕಿರುಚಿ ಎರಗುವಂಥದ್ದು. 600 ಗ್ರಾಂನ ಸಿಡುಕು ಗಂಡಿಲಿ ಬೆರಳು ಕಚ್ಚಿದರೆ ಹೊಲಿಗೆ ಹಾಕಿಸಬೇಕಾದೀತು.

ದೊಡ್ಡ ಇಲಿ ಎಷ್ಟು ದಿನ ಬದುಕುತ್ತದೆ?

ಸಾಕು ಇಲಿಯ ಆಯಸ್ಸೇ ಎರಡರಿಂದ ಮೂರು ವರ್ಷ. ಅದರಲ್ಲಿ ಗಾತ್ರ ಎಷ್ಟು ಕಸಿಯುತ್ತದೆ ಎಂಬುದು ಈ ಇಡೀ ವಿಷಯದ ಗಂಟು.

1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಜೊತೆಗಾರರು, ಊಟ ಕಡಿಮೆ ಕೊಟ್ಟು ನಿಧಾನವಾಗಿ ಬೆಳೆಸಿದ ಇಲಿಗಳು ಹೊಟ್ಟೆತುಂಬ ತಿಂದವಕ್ಕಿಂತ ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದರು. ಬೆಳವಣಿಗೆ ಹಾರ್ಮೋನು ಇಲ್ಲದೆಯೋ, ಇದ್ದೂ ಮೈಗೆ ನಾಟದೆಯೋ ಕುಳ್ಳಾದ ಚಿಟ್ಟಿಲಿಗಳೂ ದೀರ್ಘಾಯುಷಿಗಳು. ಅಂಥದ್ದೊಂದು ಐದನೆಯ ಹುಟ್ಟುಹಬ್ಬದ ಹೊಸ್ತಿಲವರೆಗೆ ಬಂದಿತ್ತು. ನಾಯಿಗಳಲ್ಲೂ ಇದೇ ಕತೆ. ಗ್ರೇಟ್ ಡೇನ್ ಎಂಟು ವರ್ಷಕ್ಕೆ ಮುದಿ, ಪೊಮೆರೇನಿಯನ್ ಹನ್ನೆರಡಕ್ಕೂ ಬೊಗಳುತ್ತಿರುತ್ತದೆ.

ಈಗ ಸ್ಪ್ರೇಗ್ ಡಾಲಿಗೆ ಬರೋಣ. ಬೇಗ ಬೆಳೆಯುವ, ಹೆಚ್ಚು ಮರಿ ಹಾಕುವ ಇಲಿಗಳೇ ದಶಕಗಳ ಕಾಲ ಆಯ್ಕೆಯಾದವು, ಎದುರಿಗೆ ಸದಾ ತುಂಬಿದ ಆಹಾರ. 1990ರ ದಶಕದ ಹೊತ್ತಿಗೆ ಎರಡು ವರ್ಷದ ಔಷಧ ಪರೀಕ್ಷೆಗಳು ಮುಗಿಯುವ ಮೊದಲೇ ಬಹಳಷ್ಟು ಇಲಿಗಳು ಸಾಯತೊಡಗಿದವು. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಹೆಣ್ಣುಗಳಲ್ಲಿ ಮೊಲೆಯ ಗಡ್ಡೆ, ಮೂತ್ರಪಿಂಡದ ಕಾಯಿಲೆ. ಪ್ರಯೋಗಾಲಯಗಳು ಮಾಡಿದ್ದೇನು? ಊಟ ಅಳೆದು ಕೊಟ್ಟವು. ತೂಕ ಇಳಿಯಿತು, ಆಯಸ್ಸು ಹೆಚ್ಚಿತು. ಗಾತ್ರಕ್ಕೆ ಆರಿಸಿದ ಇಲಿಯನ್ನು ಉಳಿಸಲು ಅದರ ಗಾತ್ರವನ್ನೇ ತಡೆಹಿಡಿಯಬೇಕಾಯಿತು ಎಂಬುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮನೆಯಲ್ಲಿ ಕಾಣುವುದು ಇಷ್ಟು ದೊಡ್ಡ ನಾಟಕವಲ್ಲ. ಭಾರದ ಗಂಡಿಗೆ ಅಂಗಾಲು ಒಡೆದು ಹುಣ್ಣಾಗುತ್ತದೆ, ತಂತಿಯ ನೆಲವಿದ್ದರಂತೂ ಖಂಡಿತ. ಒಂದೂವರೆ ವರ್ಷಕ್ಕೆ ಹಿಂಗಾಲು ಬಲ ಕಳೆದುಕೊಳ್ಳುತ್ತದೆ. ಸಾಕು ಇಲಿಗಳಲ್ಲಿ ಬಹುಪಾಲಿಗೆ ಇರುವ ಮೈಕೊಪ್ಲಾಸ್ಮಾ ಎಂಬ ಶ್ವಾಸಕೋಶದ ಸೋಂಕು ಕೊಬ್ಬಿದ ಮೈಯಲ್ಲಿ ಬೇಗ ಉಲ್ಬಣಿಸುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಹೆಗ್ಗಣದಷ್ಟು ಮಾಡಿದ ಮೇಲೆ ಅದನ್ನು ಎತ್ತಿ ನೀರಿನ ಬಟ್ಟಲ ಹತ್ತಿರ ಕೂರಿಸುವ ಕೆಲಸವೂ ಹೆತ್ತವರದೇ.

ಬೇಸಿಗೆಯಲ್ಲಿ ದೊಡ್ಡ ಇಲಿಗೆ ಹೆಚ್ಚು ಕಷ್ಟವೇ?

ಹೌದು. ಇಲಿ ನಮ್ಮಂತೆ ಬೆವರುವುದಿಲ್ಲ. ಮೈ ದಪ್ಪವಾದಷ್ಟೂ ಶಾಖ ಹೊರಹೋಗುವುದು ನಿಧಾನ. 30 ಡಿಗ್ರಿ ದಾಟಿದರೆ ಎಚ್ಚರ ಬೇಕು. ಬೆಂಗಳೂರಿನಲ್ಲಿ ಫ್ಯಾನು, ಒದ್ದೆ ಬಟ್ಟೆ, ನೆಲದ ಮೇಲೆ ಮಣ್ಣಿನ ಮಡಕೆ ಇಷ್ಟರಲ್ಲಿ ಮುಗಿಯುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಬಸುರಿ ಇಲಿ ಇಟ್ಟುಕೊಳ್ಳಲೇಬೇಡಿ.

ಆರಿಸದೆ ಉಳಿದ ಮರಿಗಳನ್ನು ಏನು ಮಾಡುವುದು?

ಈ ಪ್ರಶ್ನೆಯನ್ನು ಮೊದಲು ಕೇಳುವವರು ಕಡಿಮೆ. ನಾಲ್ಕು ಜೋಡಿ, ಸೂಲಿಗೆ ಹತ್ತು ಮರಿ: ತಲೆಮಾರಿಗೆ ನಲವತ್ತು. ಎಂಟು ಇಟ್ಟುಕೊಂಡರೆ ಮೂವತ್ತೆರಡಕ್ಕೆ ಮನೆ ಬೇಕು. ಐದು ತಲೆಮಾರಿಗೆ ನೂರ ಅರವತ್ತು. ಅಮೆರಿಕದಲ್ಲಿ ಇಂಥವು ಹಾವು ಸಾಕುವವರ ಫ್ರೀಜರ್ ಸೇರುತ್ತವೆ. ನಮ್ಮಲ್ಲಿ ಇಲಿ ಸಾಕುವವರೇ ಬೆರಳೆಣಿಕೆ, ಹೊರಗೆ ಬಿಟ್ಟರೆ ಒಂದು ರಾತ್ರಿಯಲ್ಲಿ ಬೆಕ್ಕಿನ ಪಾಲು. ಮರಿ ತೆಗೆದುಕೊಳ್ಳುವವರ ಹೆಸರು ಬರೆದ ಪಟ್ಟಿ ಕೈಯಲ್ಲಿಲ್ಲದೆ ಜೋಡಿ ಹಾಕಬೇಡಿ. ವ್ಯಾಪಾರವಾಗಿ ಮಾರುವುದಾದರೆ 2018ರ ಸಾಕುಪ್ರಾಣಿ ಅಂಗಡಿಗಳ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು.

ಯಾವಾಗ ನಿಲ್ಲಿಸಬೇಕು?

ಪ್ರತಿ ಇಲಿ ಸತ್ತ ವಯಸ್ಸು, ಕಾರಣ ಬರೆದಿಡಿ. ಅಜ್ಜ ಅಜ್ಜಿಯರ ಸಾಲಿಗಿಂತ ಮೊಮ್ಮಕ್ಕಳ ಸಾಲು ಎರಡು ತಿಂಗಳು ಬೇಗ ಸಾಯುತ್ತಿದ್ದರೆ ಗಾತ್ರದ ಆಯ್ಕೆ ಅಲ್ಲಿಗೇ ನಿಲ್ಲಿಸಿ. ಸೂಲಿನ ಮರಿ ಕಡಿಮೆಯಾದರೂ ಅಷ್ಟೇ.

ನನಗೆ ತಳಿ ಮಾಡುವ ಗೊಡವೆ ಬೇಡ, ಒಂದು ದೊಡ್ಡ ಮರಿ ಬೇಕು. ಕೊಳ್ಳುವಾಗ ಏನು ಕೇಳಬೇಕು?

ಗಂಡು ಮರಿಯನ್ನೇ ತೆಗೆದುಕೊಳ್ಳಿ, ಅದೂ ಎರಡು. ಒಂಟಿ ಇಲಿ ಕೊರಗುತ್ತದೆ. ತಂದೆಯನ್ನು ನೋಡಬೇಕು ಎನ್ನಿ, ಫೋಟೊ ಸಾಲದು. ತಾತ ಎಷ್ಟು ವಯಸ್ಸಿಗೆ, ಏನಾಗಿ ಸತ್ತ ಎಂದು ಕೇಳಿ. ತೂಕ ಮಾತ್ರ ಹೇಳಿದರೆ ಬೇರೆ ಕಡೆ ಹೋಗಿ. ಮರಿಯ ಕಣ್ಣು ಮೂಗಿನ ಸುತ್ತ ಕೆಂಪು ಕರೆ ಇದೆಯೇ ನೋಡಿ. ಅದು ರಕ್ತವಲ್ಲ, ಪಾರ್ಫಿರಿನ್ ಎಂಬ ಸ್ರಾವ. ತುಂಬ ಇದ್ದರೆ ಮರಿಗೆ ಹುಷಾರಿಲ್ಲ ಎಂದರ್ಥ. ಕೊನೆಗೆ ಮರಿಯನ್ನು ಎತ್ತಿ ಅದರ ಎದೆಯನ್ನು ನಿಮ್ಮ ಕಿವಿಗೆ ಹಿಡಿಯಿರಿ. ಗೊರಗೊರ ಎಂದರೆ ಕೆಳಗಿಟ್ಟು ಬನ್ನಿ.